ಮನೆಯ ಗಣಕಯಂತ್ರ ಮತ್ತು ಕನ್ನಡದ ಹೊಸಬರು: ಹಳದೀಪುರದ ಒಂದು ನಿದರ್ಶನ

ಹೊನ್ನಾವರದಿಂದ ಕುಮಟೆಯ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಕರ್ಕಿಯನ್ನು ದಾಟಿದ ಬಳಿಕ ಸಿಗುವ ಊರು ಹಳದೀಪುರ. ಇದಕ್ಕೆ ಮೊದಲು ಹಂದಿಪುರವೆಂಬ ಹೆಸರಿದ್ದು, ಹೈದರನ ಆಳಿಕೆಯಲ್ಲಿ ಅದು ಹಳದೀಪುರವಾಯಿತೆಂದು 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರು ಹೇಳುತ್ತದೆ. ಈ ಹೇಳಿಕೆಯ ಸತ್ಯಾಸತ್ಯತೆಯ ವಿಚಾರ ಸದ್ಯಕ್ಕೆ ಬೇಡ. ಆದರೆ ಈ ಊರಿನ ಹೆಸರು ಇನ್ನೊಮ್ಮೆ ಮಾರ್ಪಟ್ಟದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರ ಮನೆಯಲ್ಲಿ ಒಂದು ಹಳೆಯ ಸಿ.ಡಿ.ಯನ್ನು ತೆರೆದಾಗ, ಹಳದೀಪುರವೆಂದು ಇರಬೇಕಾದ ಕಡೆಯಲ್ಲೆಲ್ಲ ಕಾಲುಭಾಗದ ಗುರುತು, ಸೆಂಟ್ ನಾಣ್ಯದ ಗುರುತು, ಜಪಾನಿನ ಯೆನ್ನಿನ ಗುರುತು, ಕಡೆಯಲ್ಲಿ ಇಂಗ್ಲಿಷಿನ ಚಿಕ್ಕ ಜೀ ಅಕ್ಷರ ಕಾಣಿಸಿದುವು. ಮಾವನವರು 2002ರ ಸುಮಾರಿಗೆ ಮನೆಗೆ ಗಣಕಯಂತ್ರವನ್ನು ತರಿಸಿ, ಕರ್ಕಿಯ ಯಕ್ಷಗಾನ ಮೇಳದ ಬಗೆಗೆ ತಾವು ಹಿರಿಯರಿಂದ ಕೇಳಿದ್ದನ್ನೆಲ್ಲ ಒಂದೊಂದೇ ಕೀಲಿಯನ್ನು ಹುಡುಕಿ ಒತ್ತಿ ಬರೆದಿಟ್ಟಿದ್ದರು. ಯಂತ್ರ ಬದಲಾದ ಮೇಲೆ ಅದು ಓದಲು ಬಾರದಾಯಿತು. "ನಾನೇ ಎಲ್ಲೋ ತಪ್ಪು ಒತ್ತಿರಬೇಕು" ಎಂದು ಅವರು ಬರೆಯುವುದನ್ನೇ ಬಿಟ್ಟರು.

ತಪ್ಪು ಅವರದಾಗಿರಲಿಲ್ಲ. ಕನ್ನಡಕ್ಕೆ ಗಣಕಯಂತ್ರ ಬಂದ ಕಥೆಯನ್ನು ಸಾಮಾನ್ಯವಾಗಿ ನಿರ್ಮಾಪಕರ ಹೆಸರುಗಳಿಂದ ಹೇಳುವುದು ವಾಡಿಕೆ. ಕೀಲಿಮಣೆಯ ವಿನ್ಯಾಸವನ್ನೂ 'ಸೇಡಿಯಾಪು' ತಂತ್ರಾಂಶವನ್ನೂ ರಚಿಸಿದ ಶ್ರೀ ಕೆ. ಪಿ. ರಾವ್ ಅವರು, 1998ರಲ್ಲಿ 'ಬರಹ'ವನ್ನು ಉಚಿತವಾಗಿ ಹಂಚಿದ ಶ್ರೀ ಶೇಷಾದ್ರಿವಾಸು ಅವರು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರದ ಬೆಂಬಲದಿಂದ 'ನುಡಿ'ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತು, ಇವರೆಲ್ಲರ ಉಪಕಾರ ದೊಡ್ಡದು. ಆದರೆ ಈ ಚರಿತ್ರೆಯ ಅರ್ಧಭಾಗ ಕೇಳಿದವರದು. ಆ ಭಾಗವನ್ನು ಯಾರೂ ಬರೆದಿಟ್ಟಂತೆ ತೋರುವುದಿಲ್ಲ.

ಹೊಸಬರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಕನ್ನಡ ಬರುತ್ತಿಲ್ಲ." ಇಷ್ಟರಿಂದ ರೋಗ ತಿಳಿಯುವಂತಿಲ್ಲ. ಬಲ್ಲವರು ನಾಡಿ ನೋಡುವ ವೈದ್ಯರಂತೆ ತಿರುಗಿ ಕೇಳಬೇಕಾಗುತ್ತಿತ್ತು: ಪರದೆಯ ಮೇಲೆ ಕಾಣುವುದೇನು? ಖಾಲಿ ಚೌಕಗಳು ಕಂಡರೆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲವೆಂದು ಅರ್ಥ. ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಂತಿದ್ದರೆ ಫಾಂಟ್ ಇದೆ, ಅಕ್ಷರಗಳನ್ನು ಕೂಡಿಸುವ ಏರ್ಪಾಡು ಇಲ್ಲ. ಇಂಗ್ಲಿಷ್ ಅಕ್ಷರಗಳೂ ಪೌಂಡು ಯೆನ್ನುಗಳೂ ಕಂಡರೆ, ಅದು ಹಳೆಯ ಸಂಕೇತದಲ್ಲಿ ಬರೆದ ಪಠ್ಯ. ಅದರ ಸ್ವಂತ ಫಾಂಟ್ ಇಲ್ಲದೆ ಓದಲಾಗದು.

ಈ ಮೂರನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹಳೆಯ ಫಾಂಟುಗಳಲ್ಲಿ ಇದ್ದ ಸ್ಥಾನಗಳು ಒಟ್ಟು 256. ಅವುಗಳಲ್ಲಿಯೂ ಎಲ್ಲವೂ ಬಳಕೆಗೆ ದೊರೆಯುತ್ತಿರಲಿಲ್ಲ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯಲಾರವು. ಆದುದರಿಂದ ಅಕ್ಷರವನ್ನು ಚೂರು ಮಾಡಿ, ತಲೆಕಟ್ಟು ಒಂದು ಕಡೆ, ದೀರ್ಘದ ಗುರುತು ಇನ್ನೊಂದು ಕಡೆ ಇರಿಸಿದರು. ಯಂತ್ರದಲ್ಲಿ ಸಂಗ್ರಹವಾದದ್ದು ಅಕ್ಷರವಲ್ಲ, ಅಕ್ಷರದ ಚೂರುಗಳು. ಅವೂ ಇಂಗ್ಲಿಷಿನ ಸ್ಥಾನಗಳಲ್ಲಿ. ನುಡಿಯ ಫಾಂಟಿನಲ್ಲಿ ರಕಾರವು ಚಿಕ್ಕ ಜೀ ಇರುವಲ್ಲಿಯೂ ಕಕಾರವು ದೊಡ್ಡ ಪೀ ಇರುವಲ್ಲಿಯೂ ಕುಳಿತಿವೆ. ಒಬ್ಬ ತಯಾರಕನು ಚೂರು ಮಾಡಿದ ಕ್ರಮ ಇನ್ನೊಬ್ಬನದಕ್ಕೆ ಹೊಂದುತ್ತಿರಲಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಎಂದರೆ 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆತಿತ್ತು. ಆದರೆ ಮನೆಯ ಯಂತ್ರಗಳಿಗೆ ಅದು ಮುಟ್ಟಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಬಂದರೂ, ಅಕ್ಷರಗಳನ್ನು ಕೂಡಿಸುವ ಏರ್ಪಾಡನ್ನು ಬಳಸುವವರೇ ಬೇರೆಯಾಗಿ ಆರಿಸಿಕೊಳ್ಳಬೇಕಾಗಿತ್ತು. ಆ ಆಯ್ಕೆಯ ಎದುರಿಗೆ ಬರೆದಿದ್ದುದಾದರೂ ಏನು? ಸಂಕೀರ್ಣ ಲಿಪಿಗಳಿಗೆ, ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ಮತ್ತು ಥಾಯ್ ಭಾಷೆಗೆ, ಎಂದು! ಅದರಡಿಯಲ್ಲಿ ಕನ್ನಡ ಅಡಗಿದೆಯೆಂದು ಹಳದೀಪುರದ ಹೊಸಬನಿಗೆ ತೋಚುವುದು ಹೇಗೆ? ತೋಚಿದರೂ ವಿಂಡೋಸಿನ ಮೂಲ ಸಿ.ಡಿ. ಬೇಕಾಗುತ್ತಿತ್ತು, ಪೇಟೆಯಲ್ಲಿ ಜೋಡಿಸಿ ತಂದ ಯಂತ್ರದೊಡನೆ ಅದು ಬಂದಿರದಿದ್ದುದೂ ಉಂಟು.

ಕೀಲಿಮಣೆಯ ತೊಡಕು ಇದಕ್ಕಿಂತ ಸುಲಭದ್ದು. ಆದರೆ ಹೊಸಬರನ್ನು ಕಾಡಿದ್ದು ಅದೇ ಹೆಚ್ಚು. ಶ್ರೀ ರಾವ್ ಅವರ ವಿನ್ಯಾಸದಲ್ಲಿ ಹಳದೀಪುರವನ್ನು ಏಳು ಕೀಲಿಗಳಲ್ಲಿ ಮುಗಿಸಬಹುದು. ಬರಹದ ಲಿಪ್ಯಂತರ ಕ್ರಮದಲ್ಲಿ ಅಕಾರಗಳನ್ನೂ ಒತ್ತಬೇಕಾದುದರಿಂದ ಹತ್ತು ಬೇಕು. ಮೊದಲಿನದನ್ನು ಕಲಿತವರು ಎರಡನೆಯದನ್ನು ಕಂಡು ಬೆದರುತ್ತಿದ್ದರು. ಟಕಾರ ಡಕಾರಗಳನ್ನು ಹುಡುಕಿ ಸೋತವರೆಷ್ಟೋ ಮಂದಿ. ಅವು ಕ್ಯೂ ಮತ್ತು ಡಬ್ಲ್ಯೂ ಕೀಲಿಗಳಲ್ಲಿವೆಯೆಂದು ಯಾರಾದರೂ ಹೇಳದೆ ತಿಳಿಯುವಂತಿಲ್ಲ.

ಹೇಳುವವರು ಇದ್ದರು. ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಅನಂತರದ ವರ್ಷಗಳಲ್ಲಿ ಬೆಂಗಳೂರು, ಮುಂಬಯಿ, ಅಮೆರಿಕಗಳಲ್ಲಿದ್ದ ಕನ್ನಡಿಗರು ಗುರುತು ಪರಿಚಯವಿಲ್ಲದವರ ಪ್ರಶ್ನೆಗಳಿಗೆ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಉತ್ತರ ಬರೆದರು. ಆದರೆ ಇಲ್ಲೊಂದು ವಿಚಿತ್ರ ಪರಿಸ್ಥಿತಿಯನ್ನು ನಾವು ಗಮನಿಸಬೇಕು. ಪರದೆಯ ಮೇಲೆ ಕನ್ನಡವೇ ಕಾಣದವನಿಗೆ, ಕನ್ನಡ ಕಾಣುವ ಉಪಾಯವನ್ನು ಕನ್ನಡ ಲಿಪಿಯಲ್ಲಿ ಬರೆದು ತಿಳಿಸುವುದು ಸಾಧ್ಯವೆ? ಉತ್ತರಗಳು ಅನಿವಾರ್ಯವಾಗಿ ಇಂಗ್ಲಿಷಿನಲ್ಲಿಯೋ ರೋಮನ್ ಲಿಪಿಯ ಕನ್ನಡದಲ್ಲಿಯೋ ಬಂದುವು. ಹೀಗಾಗಿ ಸಹಾಯವು ಯಾರಿಗೆ ಎಲ್ಲರಿಗಿಂತ ಹೆಚ್ಚು ಅಗತ್ಯವಾಗಿತ್ತೋ ಅವರಿಗೆ, ಎಂದರೆ ಕನ್ನಡವನ್ನಷ್ಟೇ ಬಲ್ಲ ಗೃಹಸ್ಥರಿಗೆ, ಅದು ನೇರವಾಗಿ ಮುಟ್ಟಲಿಲ್ಲ. ನಡುವೆ ಒಬ್ಬ ದುಭಾಷಿ ಬೇಕಾಯಿತು. ನಮ್ಮ ಊರುಗಳಲ್ಲಿ ಆ ಕೆಲಸವನ್ನು ಮಾಡಿದವರು ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು, ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯವರು, ದೂರವಾಣಿಯಲ್ಲಿ ತಾಳ್ಮೆಯಿಂದ ಒಂದೊಂದೇ ಹೆಜ್ಜೆಯನ್ನು ಹೇಳಿದ ಬಂಧುಗಳು. ಅವರು ಹೇಳಿದ್ದು ಬಾಯಿಮಾತಾದುದರಿಂದ ಅದಕ್ಕೆ ದಾಖಲೆಯಿಲ್ಲ. ಸಾಮಾನ್ಯರು ಲಿಪಿಯೊಂದನ್ನು ಹೊಸ ಸಾಧನಕ್ಕೆ ಹೇಗೆ ಒಗ್ಗಿಸಿಕೊಂಡರೆಂಬುದಕ್ಕೆ ಆ ಮಾತುಗಳೇ ಆಧಾರವಾಗಬೇಕಾಗಿದ್ದುವು. ಈಗ ಉಳಿದಿರುವುದು ಅವರ ನೆನಪು ಮಾತ್ರ.

ಆದರೂ ಆ ಪ್ರಶ್ನೆಗಳು ವ್ಯರ್ಥವಾಗಲಿಲ್ಲ. ತಮ್ಮ ಪತ್ರ ಇನ್ನೊಬ್ಬರ ಯಂತ್ರದಲ್ಲಿ ತೆರೆಯುವುದಿಲ್ಲವೆಂದು ಹೊಸಬರು ಮತ್ತೆ ಮತ್ತೆ ದೂರಿಕೊಂಡುದರಿಂದಲೇ, ಸಂಕೇತವೊಂದೇ ಇರಬೇಕೆಂಬ ವಾದಕ್ಕೆ ಬಲ ಬಂದಿತೆಂದು ನಮ್ಮ ಅಭಿಪ್ರಾಯ. ಪಂಡಿತರ ವಾದವೊಂದೇ ಇದನ್ನು ಸಾಧಿಸುತ್ತಿತ್ತೆಂದು ನಾವು ನಂಬಲಾರೆವು. ಕಾಲಕ್ರಮದಲ್ಲಿ ಕಚೇರಿಗಳೂ ಪತ್ರಿಕೆಗಳೂ ಯೂನಿಕೋಡಿನ ಕಡೆಗೆ ತಿರುಗಿದುವು. ಹಳೆಯ ಪಠ್ಯವನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಸಾಧನಗಳನ್ನೂ ಸ್ವಯಂಸೇವಕರು ರಚಿಸಿದರು.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಎಚ್ಚರಿಕೆಯುಂಟು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಬಳಪದಿಂದ ಬರೆದ ಹಳೆಯ ಕಡತವನ್ನು, ಕೈಬರಹದ ಪರಿಚಯವುಳ್ಳವರು ಇಂದಿಗೂ ಬಿಚ್ಚಿ ಓದುತ್ತಾರೆ. 2002ರ ಸಿ.ಡಿ.ಯನ್ನು ಕೇವಲ ಅಕ್ಷರಜ್ಞಾನದಿಂದ ಓದಲಾಗದು. ಅದನ್ನು ಯಾವ ತಂತ್ರಾಂಶದ ಯಾವ ಫಾಂಟಿನಲ್ಲಿ ಬರೆದರೆಂಬುದು ಗೊತ್ತಿರಬೇಕು; ಇದನ್ನು ಬರೆದವರೂ ಮರೆತಿರುತ್ತಾರೆ. ಮನೆಮನೆಗಳಲ್ಲಿ ಇಂಥ ವಂಶಾವಳಿಗಳು, ದೇವಸ್ಥಾನದ ಲೆಕ್ಕಗಳು, ಪ್ರಸಂಗದ ಪ್ರತಿಗಳು ಕೆಟ್ಟುಹೋದುವೆಂಬ ಭಾವನೆಯಿಂದ ಕಸಕ್ಕೆ ಹೋಗುತ್ತಿವೆ. ಕ್ಷೇತ್ರಕಾರ್ಯಕ್ಕೆ ಹೋಗುವವರು ಓಲೆಗರಿಗಳೊಡನೆ ಇವುಗಳನ್ನೂ ವಿಚಾರಿಸುವುದು ಲೇಸು.

ಮಾವನವರ ಬರಹವನ್ನು ಹೊನ್ನಾವರದ ಒಬ್ಬ ವಿದ್ಯಾರ್ಥಿಯ ನೆರವಿನಿಂದ ಯೂನಿಕೋಡಿಗೆ ಪರಿವರ್ತಿಸಿದೆವು. ಹಳದೀಪುರವು ಮೊದಲ ಸಲಕ್ಕೇ ಸರಿಯಾಗಿ ಬಂದಿತು. ಕರ್ಕಿ ಬರಲಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು, ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ಅನಂತರ ನಿಲ್ಲುತ್ತದೆ. ಹೊಸದರಲ್ಲಿ ಉಚ್ಚಾರದ ಕ್ರಮದಂತೆ ಮೊದಲಿಗೆ ಬರಬೇಕು. ಪರಿವರ್ತಕ ಇದನ್ನು ಗಮನಿಸದಿದ್ದುದರಿಂದ, ಕರ್ಕಿಯ ಮೇಳವೆಲ್ಲ 'ಕಕಿರ್' ಮೇಳವಾಗಿ ನಿಂತಿತ್ತು. ಪುಟ ಪುಟವನ್ನೂ ಮಾವನವರ ಎದುರಿನಲ್ಲಿ ಓದಿ ತಿದ್ದಬೇಕಾಯಿತು. ಅವರು ತಾವು ಬರೆದದ್ದನ್ನು ಕೇಳುತ್ತ, ಅಲ್ಲಲ್ಲಿ ತಡೆದು, ಆಗ ಬಿಟ್ಟುಹೋಗಿದ್ದ ವೇಷಧಾರಿಗಳ ಹೆಸರುಗಳನ್ನು ಸೇರಿಸತೊಡಗಿದ್ದಾರೆ. ಕೆಲಸ ಇನ್ನೂ ಮೂರನೆಯ ಅಧ್ಯಾಯದಲ್ಲಿದೆ.