ಕುದುರೆ ಬಂದ ದಾರಿ

ಮೊನ್ನೆ ಮೊಮ್ಮಗನ ಭೂಪಟದ ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಹೋರ್ಮುಜ್ ಎಂಬ ಹೆಸರು ಕಣ್ಣಿಗೆ ಬಿತ್ತು. ಇರಾನಿಗೂ ಒಮಾನಿಗೂ ನಡುವೆ ಉಗುರಿನ ಗೀರಿನಷ್ಟು ನೀಲಿ. ಬೆರಳಿಟ್ಟರೆ ಜಲಸಂಧಿಯೇ ಮುಚ್ಚಿಹೋಗುತ್ತದೆ. ನಿಜಕ್ಕೆ ಅತಿ ಕಿರಿದಾದ ಕಡೆಯೂ ಅಲ್ಲಿ ಸುಮಾರು 21 ನಾವಿಕ ಮೈಲಿ ಅಗಲವುಂಟು. ಆದರೆ ದೊಡ್ಡ ಹಡಗುಗಳಿಗೆಂದು ಗೊತ್ತುಮಾಡಿದ ದಾರಿ ಹೋಗಲು 2 ಮೈಲಿ, ಬರಲು 2 ಮೈಲಿ, ನಡುವೆ 2 ಮೈಲಿ ತೆರಪು, ಅಷ್ಟೆ. 2024ರಲ್ಲಿ ಈ ಓಣಿಯ ಮೂಲಕ ದಿನವೊಂದಕ್ಕೆ ಸುಮಾರು 2 ಕೋಟಿ ಪೀಪಾಯಿ ಎಣ್ಣೆ ಹಾದುಹೋಯಿತು. ಜಗತ್ತು ಉರಿಸುವ ಎಣ್ಣೆಯಲ್ಲಿ ಇದು ಐದರಲ್ಲೊಂದು ಪಾಲು.

ಕನ್ನಡ ನಾಡಿಗೆ ಈ ಹೆಸರು ಹೊಸದಲ್ಲ. ವಿಜಯನಗರದ ಲಾಯಗಳಿಗೆ ಒಳ್ಳೆಯ ಕುದುರೆ ಬರುತ್ತಿದ್ದುದು ಹೋರ್ಮುಜಿನಿಂದ. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಅವನ್ನು ಕೊಳ್ಳುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿಟ್ಟಿದ್ದಾನೆ. ವಿದ್ಯಾರ್ಥಿಯಾಗಿದ್ದಾಗ ಇದನ್ನೋದಿ ನಕ್ಕಿದ್ದೆ. ಈಗ ನಗು ಬಾರದು. ವರ್ತಕನು ನಷ್ಟಕ್ಕೆ ಹೆದರಿ ಹಡಗು ಹೊರಡಿಸದಿದ್ದರೆ ಏನು ಗತಿಯೆಂಬುದನ್ನು ಆ ದೊರೆ ಚೆನ್ನಾಗಿ ಬಲ್ಲವನಾಗಿದ್ದ.

1442ರಲ್ಲಿ ಅಬ್ದುಲ್ ರಜಾಕನು ಹಡಗು ಹತ್ತಿದ್ದೂ ಇಲ್ಲಿಯೇ. ಹಡಗಿನ ವಾಸನೆಗೇ ಬೇಚಾರಾ ಮೂರ್ಛೆ ಹೋದ! ಆದರೂ ಕಲ್ಲಿಕೋಟೆ, ಮಂಗಳೂರುಗಳ ಮೇಲಾಗಿ ವಿಜಯನಗರವನ್ನು ಸೇರಿದ. ಹಿಂದಿರುಗುವಾಗ ಹೊನ್ನಾವರದಲ್ಲಿ ಹಡಗು ಹಿಡಿದ. ಅವನು ಕೊಂಡಾಡಿದ ಹೋರ್ಮುಜ್ ದ್ವೀಪದಲ್ಲಿ ಉಪ್ಪಿತ್ತೇ ಹೊರತು ಸಿಹಿನೀರಿರಲಿಲ್ಲ. ಕುಡಿಯುವ ನೀರನ್ನೂ ಹೊರಗಿನಿಂದ ದೋಣಿಯಲ್ಲಿ ತರಬೇಕು. ಅಂಥ ಬರಡು ನೆಲಕ್ಕಾಗಿ ಆಲ್ಬುಕರ್ಕ್ 1507ರಲ್ಲಿ ಒಮ್ಮೆ, 1515ರಲ್ಲಿ ಮತ್ತೊಮ್ಮೆ ಏರಿಹೋದ. ಅವನಿಗೆ ಬೇಕಾಗಿದ್ದುದು ನೆಲವಲ್ಲ, ಬಾಗಿಲು. ಒಂದು ಕೈಯಲ್ಲಿ ಹೋರ್ಮುಜ್, ಇನ್ನೊಂದರಲ್ಲಿ ಗೋವೆ ಬಂದ ಮೇಲೆ ಕುದುರೆಯ ಸುಂಕವೆಲ್ಲ ಪೋರ್ಚುಗೀಸರದಾಯಿತು. ವಿಜಯನಗರವೂ ಬಿಜಾಪುರವೂ ಅವರ ಮುಖ ನೋಡಬೇಕಾಯಿತು. 1622ರಲ್ಲಿ ಇರಾನಿನ ಷಾ ಅಬ್ಬಾಸನು ಇಂಗ್ಲಿಷ್ ಕಂಪನಿಯ ಹಡಗುಗಳ ನೆರವಿನಿಂದ ಅವರನ್ನು ಓಡಿಸಿದ. ಕಂಪನಿಗೆ ಸಂದ ಕೂಲಿಯೂ ಸುಂಕದಲ್ಲೊಂದು ಪಾಲೇ.

ಮುಂದೆ ಕುದುರೆಯ ಕಾಲ ಮುಗಿಯಿತು. 1908ರಲ್ಲಿ ಇರಾನಿನಲ್ಲಿ, 1938ರಲ್ಲಿ ಕುವೈತ್ ಹಾಗೂ ಸೌದಿ ಅರೇಬಿಯಗಳಲ್ಲಿ ಎಣ್ಣೆ ಸಿಕ್ಕಿತು; ಹಳೆಯ ಬಾಗಿಲಿಗೆ ಹೊಸ ಬೆಲೆ ಬಂತು. ಸೂಯೆಜ್ ಕಾಲುವೆ 1967ರಿಂದ 1975ರವರೆಗೆ ಮುಚ್ಚಿದ್ದಾಗ ಹಡಗುಗಳು ಆಫ್ರಿಕವನ್ನು ಬಳಸಿಯಾದರೂ ಬಂದವು. ಹೋರ್ಮುಜಿಗೆ ಅಂಥ ಬಳಸುದಾರಿಯಿಲ್ಲ. ಕುವೈತ್, ಕತಾರ್, ಬಹರೇನ್‌ಗಳೆಲ್ಲ ಬಾಗಿಲ ಒಳಗೇ ಇವೆ. ಸೌದಿಯವರು ಕೆಂಪು ಸಮುದ್ರಕ್ಕೂ ಅಬುಧಾಬಿಯವರು ಫುಜೈರಾಕ್ಕೂ ಕೊಳವೆ ಹಾಕಿದರೂ ಅವು ಹೊರುವುದು ಒಂದು ಪಾಲನ್ನಷ್ಟೆ. ಇರಾನ್-ಇರಾಕ್ ಯುದ್ಧದಲ್ಲಿ, ಮುಖ್ಯವಾಗಿ 1984ರಿಂದ 1988ರವರೆಗೆ, ಎರಡೂ ಕಡೆಯವರು ಎಣ್ಣೆಹಡಗುಗಳಿಗೆ ಬೆಂಕಿಯಿಟ್ಟರು. ಜಲಸಂಧಿಯೇನೋ ಆಗ ಮುಚ್ಚಲಿಲ್ಲ. ಆದರೆ 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. ಸತ್ತವರು 290 ಮಂದಿ. ಅವರಾರಿಗೂ ಎಣ್ಣೆಯ ವ್ಯಾಪಾರವಿರಲಿಲ್ಲ.

1990ರಲ್ಲಿ ಕುವೈತ್, ಇರಾಕ್‌ಗಳ ಎಣ್ಣೆ ನಿಂತಾಗ ನಾನು ಸೀಮೆಎಣ್ಣೆಯ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದೆ ಇದ್ದ ಮುದುಕಿ, “ಎಲ್ಲೋ ಯುದ್ಧ ಆದ್ರೆ ನಮ್ಮನೆ ಒಲೆ ಯಾಕಪ್ಪಾ ಆರ್ಬೇಕು?” ಎಂದು ಕೇಳಿದಳು. ಚರಿತ್ರೆ ಓದಿದ ನನಗೆ ಉತ್ತರ ತೋಚಲಿಲ್ಲ. ಅವಳ ಡಬ್ಬ ತುಂಬುವ ಮೊದಲೇ ಅಂಗಡಿಯ ಎಣ್ಣೆ ಮುಗಿಯಿತು.

ಈಚೆಗೆ ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಬಂಡೆ ಕೊರೆದು ನೆಲದಡಿಯಲ್ಲಿ ಎಣ್ಣೆಯ ಕಣಜಗಳನ್ನು ಮಾಡಿದ್ದಾರೆ. ಮೊದಲನೆಯದು 15 ಲಕ್ಷ ಟನ್ ಹಿಡಿದರೆ ಎರಡನೆಯದು 25 ಲಕ್ಷ. ಕಳೆದ ವರ್ಷ ಆ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಇಣುಕಿದೆ. ತೆಂಗು, ಗದ್ದೆ, ಕೆಂಪು ಮಣ್ಣು ಬಿಟ್ಟರೆ ಏನೂ ಕಾಣಲಿಲ್ಲ. ಬಸ್ಸು ಉತ್ತರಕ್ಕೆ ಭಟ್ಕಳದ ಕಡೆ ಓಡುತ್ತಿತ್ತು. ಹೋರ್ಮುಜಿನ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಅದೂ ಒಂದು.