ತಾಯಿ ತಪ್ಪಿದ ಒಂಟಿ ಕೋಳಿಮರಿ: ಆರೈಕೆ ಹೇಗೆ, ಹಿಂಡಿಗೆ ಸೇರಿಸುವುದು ಹೇಗೆ?

ನಗರದ ಬಡಾವಣೆಗಳಲ್ಲಿ ಕೋಳಿಮರಿಯೊಂದು ಒಂಟಿಯಾಗಿ ಸಿಗುವುದು ಅಪರೂಪದ ಸಂಗತಿಯೇನಲ್ಲ. ಹದ್ದಿನ ಉಗುರಿನಿಂದ ಜಾರಿ ತಾರಸಿಯ ಮೇಲೆ ಬಿದ್ದದ್ದು, ಖಾಲಿ ನಿವೇಶನದಲ್ಲಿ ಮೇಯುತ್ತಿದ್ದ ಹೇಂಟೆಯ ಹಿಂದೆ ಓಡಲಾರದೆ ಚರಂಡಿಯಲ್ಲಿ ಸಿಲುಕಿದ್ದು, ಜಾತ್ರೆಯಲ್ಲಿ ಮಕ್ಕಳ ಹಟಕ್ಕೆ ಕೊಂಡ ಬಣ್ಣದ ಮರಿಗಳ ಪೈಕಿ ಬದುಕುಳಿದ ಒಂದು... ಹೀಗೆ ಅದು ಮನೆ ಸೇರುವ ದಾರಿಗಳು ಹಲವು. ಸಿಕ್ಕ ಮರಿಯನ್ನು ಹತ್ತಿರದಲ್ಲಿ ಕೋಳಿ ಸಾಕಿದವರ ಅಂಗಳಕ್ಕೆ ಬಿಟ್ಟುಬಿಟ್ಟರೆ ತನ್ನವರೊಡನೆ ಬೆರೆತುಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅನೇಕ ಮರಿಗಳ ಜೀವ ಹೋಗುವುದು ಈ ಸದುದ್ದೇಶದಿಂದಲೇ. ಬೆಳೆದ ಕೋಳಿಗಳಿಗೆ ಎದುರಿಗಿರುವುದು ತಮ್ಮದೇ ಜಾತಿಯ ಮರಿ ಎಂಬ ಮಮತೆ ಇರುವುದಿಲ್ಲ. ಅದು ತಮ್ಮ ಹಿಂಡಿನದೋ, ಹೊರಗಿನದೋ ಎಂಬುದಷ್ಟೇ ಅವುಗಳಿಗೆ ಮುಖ್ಯ. ಹೊರಗಿನದಾದರೆ ಕುಕ್ಕಿ ಓಡಿಸುತ್ತವೆ. ಓಡಲು ಜಾಗವಿಲ್ಲದಿದ್ದರೆ ಕುಕ್ಕಿ ಕೊಲ್ಲುವುದೂ ಉಂಟು.

ಕೋಳಿಮರಿಯೇ ಎಂದು ಖಚಿತಪಡಿಸಿಕೊಳ್ಳಿ

ನಗರದ ಅಂಚಿನ ಬಡಾವಣೆಗಳಲ್ಲಿ ನೆಲದ ಮೇಲೆ ಓಡಾಡುವ ಮರಿಗಳೆಲ್ಲವೂ ಕೋಳಿಮರಿಗಳಲ್ಲ. ಟಿಟ್ಟಿಭ, ಗೌಜಲಕ್ಕಿ, ನವಿಲುಗಳ ಮರಿಗಳು ಕೂಡ ಮೊಟ್ಟೆಯೊಡೆದ ದಿನವೇ ಮೈತುಂಬ ನಯವಾದ ತುಪ್ಪಳ ಹೊತ್ತು ಓಡತೊಡಗುತ್ತವೆ. ಟಿಟ್ಟಿಭದ ಮರಿಗೆ ಉದ್ದನೆಯ ಕಡ್ಡಿಗಾಲುಗಳಿದ್ದು, ತಾಯಿತಂದೆಗಳು ಸಮೀಪದಲ್ಲೇ ಕೂಗುತ್ತ ಹಾರಾಡುತ್ತಿರುತ್ತವೆ. ಅಂತಹ ಮರಿಯನ್ನು ಇದ್ದಲ್ಲೇ ಬಿಟ್ಟು ದೂರ ಸರಿಯುವುದು ಸರಿಯಾದ ಕ್ರಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕೋಳಿಮರಿಯೇ ಆಗಿದ್ದಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು ಮೊದಲ ಕೆಲಸ. ಮರಿಯ ತಾಯಿ ಪತ್ತೆಯಾದರೆ ಮುಂದಿನ ತೊಡಕುಗಳಾವುವೂ ಇಲ್ಲ. ಬಣ್ಣ ಬಳಿದ ಮರಿಗಳಿಗೆ ಮಾತ್ರ ಮರಳಲು ಮನೆಯಿಲ್ಲ. ಮೊಟ್ಟೆ ತಳಿಯ ಹ್ಯಾಚರಿಗಳಲ್ಲಿ ಗಂಡು ಮರಿಗಳು ಬೇಡವಾದವು. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹಾಗಾಗಿಯೇ ಅವು ಬಣ್ಣ ಮೆತ್ತಿಕೊಂಡು ಬೀದಿಗೆ ಬರುತ್ತವೆ. ತುಪ್ಪಳ ಉದುರಿ ಗರಿ ಮೂಡಿದಂತೆ ಕೆಲವು ವಾರಗಳಲ್ಲಿ ಆ ಬಣ್ಣ ಹೋಗುತ್ತದೆ.

ಮೊದಲು ಶಾಖ, ಆಮೇಲೆ ಆಹಾರ

ಮರಿ ಸಿಕ್ಕ ಕೂಡಲೇ ಅದರ ಬಾಯಿಗೆ ಏನನ್ನಾದರೂ ತುರುಕುವ ಆತುರ ಸಲ್ಲದು. ಮೊಟ್ಟೆಯಿಂದ ಹೊರಬರುವ ಮುನ್ನ ಮರಿಯು ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಸೆಳೆದುಕೊಂಡಿರುತ್ತದೆ. ಅದರ ಬಲದಿಂದ ಎರಡು ದಿನಗಳಷ್ಟು ಕಾಲ ಆಹಾರವಿಲ್ಲದೆಯೂ ಬದುಕಬಲ್ಲದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ದೂರದ ಊರುಗಳಿಗೆ ಸಾಗಿಸಲು ಸಾಧ್ಯವಾಗುವುದು ಇದೇ ಕಾರಣಕ್ಕೆ. ಚಳಿಯನ್ನು ಮಾತ್ರ ಅದು ತಾಳಲಾರದು. ಹೇಂಟೆಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆ ರೆಕ್ಕೆಯಡಿಯ ಬೆಚ್ಚನೆ ತಪ್ಪಿದ ಎಳೆಯ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಚಳಿ ಹಿಡಿದ ಮರಿ ತಿಂದರೂ ಅರಗುವುದಿಲ್ಲ.

ಮೊದಲ ವಾರ ಮರಿಯ ಸುತ್ತ 32ರಿಂದ 35 ಡಿಗ್ರಿ ಶಾಖವಿರಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದು, ಐದಾರು ವಾರಗಳಲ್ಲಿ ಗರಿ ಪೂರ್ತಿ ಮೂಡಿದ ಮೇಲೆ ನಿಲ್ಲಿಸಬಹುದು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯ ಮೇಲ್ಭಾಗದಲ್ಲಿ 40 ಅಥವಾ 60 ವಾಟ್‌ನ ಹಳೆಯ ಮಾದರಿಯ ತಂತಿ ಬಲ್ಬನ್ನು ಭದ್ರವಾಗಿ ಕಟ್ಟಿದರೆ ಸಾಕು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಬೇಕಾದಷ್ಟು ಶಾಖ ಬರುವುದಿಲ್ಲ. ದೀಪ ಉರಿಯುತ್ತಿದ್ದರೂ ಬೆಳಗಾಗುವಷ್ಟರಲ್ಲಿ ಮರಿ ಸೆಟೆದು ಬಿದ್ದಿರುವುದಕ್ಕೆ ಈ ತಪ್ಪು ಕಾರಣವಾಗುವುದುಂಟು. ವಿದ್ಯುತ್ ಕೈಕೊಟ್ಟ ರಾತ್ರಿ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿಡಬಹುದು. ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿರುವುದು ಕಡ್ಡಾಯ. ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ, ಮರಿಯೇ ಅಳತೆಗೋಲು. ಬಲ್ಬಿನಡಿ ಮುದುಡಿ ಜೋರಾಗಿ ಚೀರುತ್ತಿದ್ದರೆ ಶಾಖ ಸಾಲದು. ರೆಕ್ಕೆ ಅಗಲಿಸಿ, ಬಾಯಿ ತೆರೆದು, ದೂರದ ಮೂಲೆ ಹಿಡಿದರೆ ಶಾಖ ಹೆಚ್ಚಾಯಿತು. ಪೆಟ್ಟಿಗೆಯಲ್ಲಿ ಓಡಾಡುತ್ತ ಮೆಲ್ಲನೆ ಚಿಲಿಪಿಲಿಗುಟ್ಟುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ.

ಪೆಟ್ಟಿಗೆಯ ತಳಕ್ಕೆ ಹಳೆಯ ದಿನಪತ್ರಿಕೆ ಹಾಸುವುದು ರೂಢಿ. ನುಣುಪಾದ ಕಾಗದದ ಮೇಲೆ ಜಾರಿ ಜಾರಿ ಎಳೆಯ ಕಾಲುಗಳು ಎರಡೂ ಪಕ್ಕಕ್ಕೆ ಸೀಳಿಕೊಂಡಂತೆ ಬೆಳೆಯುತ್ತವೆ. ಆಮೇಲೆ ಸರಿಪಡಿಸುವುದು ಕಷ್ಟ. ಒರಟಾದ ಬಟ್ಟೆ ಅಥವಾ ಗೋಣಿತಾಟು ಲೇಸು.

ಕುಡಿಯಲು ಉಗುರುಬೆಚ್ಚಗಿನ ನೀರನ್ನು ಆಳವಿಲ್ಲದ ಮುಚ್ಚಳದಲ್ಲಿಟ್ಟು, ಮರಿ ಬಿದ್ದು ಮುಳುಗದಂತೆ ಅದರಲ್ಲಿ ಸಣ್ಣ ಕಲ್ಲುಗಳನ್ನು ಹಾಕಬೇಕು. ಕೊಕ್ಕನ್ನು ಒಮ್ಮೆ ನೀರಿಗೆ ತಾಗಿಸಿದರೆ ಮಿಕ್ಕದ್ದನ್ನು ಅದೇ ಕಲಿಯುತ್ತದೆ. ಪಿಳ್ಳೆಯ ಬಾಯಿಗೆ ನೀರು ಹನಿಸುವುದು ಅಪಾಯಕರ, ಶ್ವಾಸನಾಳಕ್ಕೆ ಇಳಿಯಬಹುದು. ಆಹಾರಕ್ಕೆ ಅಂಗಡಿಯಲ್ಲಿ ಸಿಗುವ ‘ಚಿಕ್ ಸ್ಟಾರ್ಟರ್’ ಅತ್ಯುತ್ತಮ, ಅದರಲ್ಲಿ ಶೇ. 20ರ ಆಸುಪಾಸು ಸಸಾರಜನಕ ಇರುತ್ತದೆ. ಸಿಗುವ ತನಕ ಒಂದೆರಡು ದಿನ ಪುಡಿ ಮಾಡಿದ ಬೇಯಿಸಿದ ಮೊಟ್ಟೆಯ ಹಳದಿ, ಅಕ್ಕಿ ನುಚ್ಚು ಕೊಡಬಹುದು. ಹಾಲಿನಲ್ಲಿ ನೆನೆಸಿದ ಬ್ರೆಡ್ ಬೇಡ. ಮೊಟ್ಟೆ ಕೋಳಿಗಳ ಆಹಾರವೂ ಬೇಡ, ಅದರಲ್ಲಿರುವ ಅಧಿಕ ಸುಣ್ಣದ ಅಂಶ ಮರಿಯ ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ. ಹಿಕ್ಕೆ ಅಂಟಿಕೊಂಡು ಗುದದ್ವಾರ ಮುಚ್ಚಿಹೋಗಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಮೆತ್ತಗೆ ಒರೆಸಬೇಕು. ಎಳೆದು ಕೀಳಬಾರದು.

ಒಂಟಿತನವೂ ಒಂದು ಕಾಯಿಲೆ

ಶಾಖ, ಆಹಾರ ಎರಡೂ ಇದ್ದು ಮರಿ ಎಡೆಬಿಡದೆ ಕೂಗುತ್ತಿದ್ದರೆ ಅದು ಜೊತೆಗಾಗಿ ಹಂಬಲಿಸುತ್ತಿದೆ ಎಂದೇ ತಿಳಿಯಬೇಕು. ಮೊಟ್ಟೆಯೊಡೆದ ಮೊದಲ ಒಂದೆರಡು ದಿನಗಳಲ್ಲಿ ಮರಿ ಯಾವ ಚಲಿಸುವ ಆಕೃತಿಯನ್ನು ಕಾಣುತ್ತದೋ ಅದನ್ನೇ ತಾಯಿಯೆಂದು ಹಿಂಬಾಲಿಸತೊಡಗುತ್ತದೆ. ಬ್ರಿಟನ್ನಿನ ಡಗ್ಲಾಸ್ ಸ್ಪಾಲ್ಡಿಂಗ್ 1873ರಲ್ಲೇ ಕೋಳಿಮರಿಗಳಲ್ಲಿ ಇದನ್ನು ದಾಖಲಿಸಿದ್ದರು. ಈ ಬಗೆಯ ‘ಅಚ್ಚೊತ್ತುವಿಕೆ’ಯನ್ನು 1930ರ ದಶಕದಲ್ಲಿ ಪ್ರಸಿದ್ಧಿಗೆ ತಂದ ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ 1973ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದವರಲ್ಲಿ ಒಬ್ಬರು. ಮನೆಮಂದಿಯ ಹಿಂದೆ ಮುಂದೆ ಓಡುವ ಮರಿ ನೋಡಲು ಮುದ್ದಾದರೂ, ಮನುಷ್ಯರನ್ನೇ ತನ್ನ ಹಿಂಡೆಂದು ಭಾವಿಸಿದ ಕೋಳಿಗೆ ಮುಂದೆ ಕೋಳಿಗಳ ನಡುವೆ ಬಾಳುವುದು ಕಷ್ಟವಾಗುತ್ತದೆ.

ಇದಕ್ಕೆ ಸರಳ ಪರಿಹಾರವೆಂದರೆ ಅದೇ ವಯಸ್ಸಿನ ಇನ್ನೊಂದು ಮರಿಯನ್ನು ತರುವುದು. ಅದು ಆಗದಿದ್ದರೆ ಪೆಟ್ಟಿಗೆಯಲ್ಲೊಂದು ಸಣ್ಣ ಕನ್ನಡಿ, ಒರಗಿ ಮಲಗಲು ಮೆತ್ತನೆಯ ಬಟ್ಟೆಯ ಉಂಡೆ ಇಡಬಹುದು. ಇವು ತಾತ್ಕಾಲಿಕ ಸಮಾಧಾನ ಮಾತ್ರ. ಮಕ್ಕಳು ಮರಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಸಾಕುತಾಯಿ ಸಿಕ್ಕರೆ

ಮರಿ ಇನ್ನೂ ಎರಡು ಮೂರು ದಿನದ್ದಾಗಿದ್ದು, ಆಸುಪಾಸಿನಲ್ಲಿ ಅಷ್ಟೇ ವಯಸ್ಸಿನ ಮರಿಗಳಿರುವ ಹೇಂಟೆಯಿದ್ದರೆ ಅದಕ್ಕಿಂತ ಭಾಗ್ಯ ಬೇರಿಲ್ಲ. ಕಾವು ಕೂರುವ ಗುಣ ನಾಟಿ ಕೋಳಿಗಳಲ್ಲಿ, ಅಂದರೆ ಉತ್ತರ ಕರ್ನಾಟಕದವರು ಜವಾರಿ ಎನ್ನುವ, ಕರಾವಳಿಯವರು ಊರ ಕೋಳಿ ಎನ್ನುವ ತಳಿಗಳಲ್ಲಿ ಪ್ರಬಲವಾಗಿದೆ. ಲೆಗ್‌ಹಾರ್ನ್‌ನಂತಹ ಮೊಟ್ಟೆ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಅಳಿಸಿಹೋಗಿದೆ. ಹಗಲಿನಲ್ಲಿ ಹೊಸ ಮರಿಯನ್ನು ಮುಂದಿಟ್ಟರೆ ತಾಯಿಕೋಳಿ ಗುರುತು ಹಿಡಿದು ಕುಕ್ಕುತ್ತದೆ. ಆದ್ದರಿಂದ ಹಳ್ಳಿಗಳಲ್ಲಿ ಕತ್ತಲಾದ ಮೇಲೆ, ಹೇಂಟೆ ಮಂಕರಿಯಡಿ ಮರಿಗಳನ್ನು ಹೊದ್ದು ಕುಳಿತಾಗ, ಸದ್ದಿಲ್ಲದೆ ಅದರ ರೆಕ್ಕೆಯಡಿ ಮರಿಯನ್ನು ಜಾರಿಸುತ್ತಾರೆ. ಬೆಳಗ್ಗೆ ಬೆಳಕು ಹರಿಯುವ ಮುನ್ನವೇ ಯಾರಾದರೂ ಎದ್ದು ನೋಡುತ್ತಿರುವುದು ಅಗತ್ಯ. ಹೇಂಟೆ ಒಪ್ಪಿದ್ದರೆ ಮರಿಯನ್ನು ಕರೆದು ಕಾಳು ತೋರಿಸುತ್ತದೆ. ತಲೆಗೆ ಕುಕ್ಕಿದರೆ ಕೂಡಲೇ ಬೇರ್ಪಡಿಸಬೇಕು. ಎರಡನೇ ಏಟಿಗೆ ಕಾಯಬಾರದು. ವಾರ ದಾಟಿದ ಮರಿಯನ್ನು ಹೇಂಟೆ ಒಪ್ಪಿಕೊಳ್ಳುವ ಸಂಭವ ಕಡಿಮೆ. ಮರಿಯೂ ಅದನ್ನು ತಾಯಿಯೆಂದು ಒಪ್ಪುವುದಿಲ್ಲ.

ಹಿಂಡಿಗೆ ಸೇರಿಸುವ ಕ್ರಮ

ಸಾಕುತಾಯಿ ದೊರೆಯದ ಮರಿಯನ್ನು ಬೆಳೆಸಿಯೇ ಹಿಂಡಿಗೆ ಬಿಡಬೇಕಾಗುತ್ತದೆ. ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಶ್ರೇಣಿಯಿದೆ ಎಂಬುದನ್ನು ನಾರ್ವೆಯ ಥೊರ್ಲೀಫ್ ಶೆಲ್ಡರಪ್ ಎಬ್ಬೆ 1920ರ ದಶಕದ ಆರಂಭದಲ್ಲಿ ವಿವರಿಸಿದರು. ಹೊಸಬರು ಬಂದೊಡನೆ ಆ ಶ್ರೇಣಿ ಕಲಕಿ ಹೋಗುತ್ತದೆ. ಆಗ ನಡೆಯುವ ಜಗಳದಲ್ಲಿ ಸಣ್ಣದಕ್ಕೆ ಉಳಿಗಾಲವಿಲ್ಲ. ಆದ್ದರಿಂದ ಮರಿ ಹಿಂಡಿನ ಕೋಳಿಗಳ ಗಾತ್ರಕ್ಕೆ ಹತ್ತಿರವಾಗುವವರೆಗೆ, ಅಂದರೆ ಎಂಟರಿಂದ ಹನ್ನೆರಡು ವಾರಗಳವರೆಗೆ, ಕಾಯುವುದು ವಿವೇಕ.

ಈ ಕಾಯುವಿಕೆಗೆ ಇನ್ನೊಂದು ಕಾರಣವಿದೆ. ಎಲ್ಲಿಂದಲೋ ಬಂದ ಮರಿ ರೋಗವನ್ನೂ ತಂದಿರಬಹುದು. ಕನಿಷ್ಠ ಮೂರು ನಾಲ್ಕು ವಾರ ಅದನ್ನು ಹಿಂಡಿನಿಂದ ದೂರವಿಟ್ಟು, ತಟ್ಟೆ ಬಟ್ಟಲುಗಳನ್ನೂ ಬೇರೆಯಾಗಿಸಬೇಕು. ಕೊಕ್ಕರೆ ರೋಗ ಎಂದು ರೈತರು ಕರೆಯುವ ರಾಣಿಖೇತ್ ಕಾಯಿಲೆ ಒಮ್ಮೆ ಹೊಕ್ಕರೆ ಇಡೀ ಅಂಗಳವನ್ನೇ ಬರಿದು ಮಾಡಬಲ್ಲದು. ಇದಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿಸುವ ಲಸಿಕೆಯಿದೆ. ಆದರೆ ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗೆ ಆಗುವಷ್ಟಿದ್ದು, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಬೇಕು. ಒಂದು ಮರಿಗಾಗಿ ಸೀಸೆ ಕೊಳ್ಳುವ ಬದಲು ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನವನ್ನು ವಿಚಾರಿಸಿಕೊಂಡು ಕರೆದೊಯ್ಯುವುದು ಮೇಲು. ಹಕ್ಕಿಜ್ವರವೂ ರಾಜ್ಯಕ್ಕೆ ಹೊಸದಲ್ಲ; 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಕಾಣಿಸಿಕೊಂಡಿತ್ತು. ಮರಿ ಸಿಕ್ಕ ಸುತ್ತಮುತ್ತ ಕಾಗೆ, ಕೋಳಿಗಳು ಸತ್ತು ಬಿದ್ದಿದ್ದರೆ ಮರಿಯನ್ನು ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸುವುದೇ ಸರಿ.

ದೂರವಿಡುವ ಅವಧಿ ಮುಗಿದ ಮೇಲೆ ಮರಿಯ ಗೂಡನ್ನು ಹಿಂಡಿನ ಅಂಗಳದಲ್ಲೇ, ತಂತಿ ಜಾಲರಿಯ ಆಚೆಗೆ ಇಡಬೇಕು. ಪರಸ್ಪರ ಕಾಣಬೇಕು, ಕೇಳಬೇಕು, ಆದರೆ ಕೊಕ್ಕು ತಾಗಬಾರದು. ಒಂದೆರಡು ವಾರ ಹೀಗೆ ಕಳೆದರೆ ಹೊಸಬನ ಬಗೆಗಿನ ಕುತೂಹಲವೇ ಬತ್ತಿಹೋಗುತ್ತದೆ. ಆಮೇಲೆ ಸಂಜೆಯ ಹೊತ್ತು, ಎಲ್ಲವೂ ಮೇಯುತ್ತಿರುವಾಗ, ವಿಶಾಲವಾದ ಜಾಗದಲ್ಲಿ ಅರ್ಧ ಗಂಟೆ ಬಿಟ್ಟು ನೋಡಬಹುದು. ಇಕ್ಕಟ್ಟಾದ ಗೂಡಿನೊಳಗೆ ಮೊದಲ ಭೇಟಿ ಮಾಡಿಸುವುದು ಮಹಾ ತಪ್ಪು. ಕಾಳನ್ನು ಒಂದೇ ಕಡೆ ಸುರಿಯದೆ ಮೂರು ನಾಲ್ಕು ಕಡೆ ಚೆಲ್ಲಬೇಕು. ಮರಿ ಮಾತ್ರ ನುಸುಳಬಲ್ಲ, ದೊಡ್ಡ ಕೋಳಿಗಳು ತೂರಲಾಗದ ಸಣ್ಣ ಕಿಂಡಿಯುಳ್ಳ ಒಂದು ಅಡಗುತಾಣವಿದ್ದರೆ ಅರ್ಧ ಗೆದ್ದಂತೆ.

ಅಲ್ಲೊಂದು ಇಲ್ಲೊಂದು ಕುಕ್ಕು, ಅಟ್ಟಾಟ ಸಹಜ. ಇದಕ್ಕೆ ಹೆದರಿ ಪದೇ ಪದೇ ಎತ್ತಿಕೊಂಡರೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ. ರಕ್ತ ಕಂಡರೆ ಮಾತ್ರ ಕ್ಷಣವೂ ತಡಮಾಡಬಾರದು. ಕೆಂಪು ಬಣ್ಣ ಕೋಳಿಗಳನ್ನು ಮತ್ತಷ್ಟು ಕುಕ್ಕುವಂತೆ ಕೆರಳಿಸುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಮರಿಯನ್ನು ಜಾಲರಿಯಾಚೆ ಇರಿಸಬೇಕು. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟಾಗ ಏಟು ಹಂಚಿಹೋಗುವುದರಿಂದ, ಮೊದಲು ಹೇಳಿದ ಜೊತೆಮರಿ ಇಲ್ಲಿಯೂ ನೆರವಾಗುತ್ತದೆ. ರಾತ್ರಿ ಅಡ್ಡಗೋಲಿನ ಮೇಲೆ ಉಳಿದವುಗಳ ಪಕ್ಕದಲ್ಲಿ, ಅಂಚಿನಲ್ಲಾದರೂ ಸರಿ, ತಾನಾಗಿಯೇ ಹೋಗಿ ಕೂರತೊಡಗಿದ ದಿನ ಅದು ಹಿಂಡಿಗೆ ಸೇರಿತೆಂದು ಎಣಿಸಬಹುದು.

ಸಿಕ್ಕ ಮರಿ ಹುಂಜವೋ ಹೇಂಟೆಯೋ ಎಂಬುದು ಮೊದಲ ವಾರಗಳಲ್ಲಿ ಸಾಮಾನ್ಯರಿಗೆ ತಿಳಿಯುವುದಿಲ್ಲ. ಬಣ್ಣದ ಮರಿಯಾದರೆ ಅದು ಹುಂಜವೇ ಆಗಿರುವ ಸಾಧ್ಯತೆ ಅಧಿಕ. ಮೂರು ನಾಲ್ಕು ತಿಂಗಳಿಗೆ ಅದು ಕೂಗಲು ಕಲಿಯುತ್ತದೆ, ಅದೂ ಬೆಳಕು ಹರಿಯುವ ಮುನ್ನವೇ. ಅಪಾರ್ಟ್‌ಮೆಂಟ್ ವಾಸಿಗಳು ಅಷ್ಟರೊಳಗೆ ಅದಕ್ಕೊಂದು ಅಂಗಳವನ್ನು ಹುಡುಕಿಟ್ಟುಕೊಂಡಿರಬೇಕು. ಆ ಅಂಗಳದಲ್ಲಿ ಈಗಾಗಲೇ ಒಂದು ಹುಂಜವಿದೆಯೇ ಎಂದು ಕೇಳಿಕೊಳ್ಳುವುದನ್ನೂ ಮರೆಯಬಾರದು.