ನೀಲಗಿರಿ: ಬೆಟ್ಟವೂ ಮರವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನರ ಬಾಯಲ್ಲಿ ‘ನೀಲಗಿರಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ವಾರದ ಕೊನೆಯ ಎರಡು ದಿನಗಳ ಬಿಡುವಿನಲ್ಲಿ ನಾಲ್ಕಾರು ಮಂದಿ ಸ್ನೇಹಿತರು ಕೂಡಿ ತಂಪನ್ನರಸಿ ಹೋಗುವ ಚಹದ ತೋಟಗಳ ಬೆಟ್ಟವು ಒಂದು. ಊರ ಹೊರಗೆ ರಾಗಿಯ ಹೊಲಗಳನ್ನು ಆಕ್ರಮಿಸಿ ನಿಂತ ಮರವು ಇನ್ನೊಂದು. ನೆಗಡಿಯಾದಾಗ ಮನೆಯ ಹಿರಿಯರು ಮೂಗಿಗೆ ಹಿಡಿಯುವ ತೈಲವೂ ಆ ಮರದ್ದೇ. ಬೆಟ್ಟಕ್ಕೂ ಮರಕ್ಕೂ ಒಂದೇ ಹೆಸರು ಸಂದದ್ದು ಆಕಸ್ಮಿಕವಲ್ಲ. ಆ ಹೆಸರಿನ ಚರಿತ್ರೆಯನ್ನು ತಿಳಿದು ಹೊರಡತಕ್ಕ ಮಿತ್ರಮಂಡಲಿಗೆ ಆ ಪ್ರವಾಸವು ಕಣ್ಣಿಗೆ ಮಾತ್ರವಲ್ಲದೆ ಬುದ್ಧಿಗೂ ಫಲವನ್ನು ಕೊಡುವುದು.

ನೀಲಗಿರಿಯು ಬಿಳಿಯರು ಕಂಡುಹಿಡಿದ ಬೆಟ್ಟವೆಂಬ ನಂಬಿಕೆಯು ಸಾಮಾನ್ಯವಾಗಿದೆ. ಇದು ಸರಿಯಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು 1117ರ ಚಾಮರಾಜನಗರದ ಶಾಸನವು ಹೇಳುತ್ತದೆ. ಆ ಬೆಟ್ಟದ ಹೆಸರೂ ಅಲ್ಲಿಯ ತೋಡರ ಹೆಸರೂ ಬರವಣಿಗೆಯಲ್ಲಿ ಕಾಣುವ ಅತಿ ಹಳೆಯ ಉಲ್ಲೇಖಗಳಲ್ಲಿ ಇದು ಪ್ರಸಿದ್ಧವಾದುದು. ಅದು ಕನ್ನಡನಾಡಿನ ಕಲ್ಲಿನ ಮೇಲಿದೆ. ಅದೇ ಅರಸನ ರಾಜ್ಯದ ಎಲ್ಲೆಗಳನ್ನು ಎಣಿಸುವ ಶಾಸನಗಳು ಮೂಡಣ ಎಲ್ಲೆಯನ್ನು ನಂಗಲಿಯೆಂದು ಹೆಸರಿಸುತ್ತವೆ. ಆ ನಂಗಲಿಯು ಮುಳಬಾಗಿಲು ತಾಲ್ಲೂಕಿನಲ್ಲಿರುವ ಊರು. ನಂಗಲಿಯ ಕಣಿವೆಯೂ ನೀಲಾದ್ರಿಯ ಶಿಖರವೂ ಒಬ್ಬನೇ ಅರಸನ ಕೀರ್ತಿಯ ಮಾತಿನಲ್ಲಿ ಸೇರಿದ್ದುವೆಂಬುದನ್ನು ನಮ್ಮ ಸೀಮೆಯವರು ಮರೆಯಬಾರದು.

ಶಾಸನವು ಮೂಕವಾದರೂ ಭಾಷೆಯು ಮಾತಾಡುತ್ತದೆ. ಆ ಬೆಟ್ಟದ ಮುಖ್ಯ ಬೇಸಾಯಗಾರರು ಬಡಗರು. ಬಡಗವೆಂದರೆ ಉತ್ತರ, ಉತ್ತರದಿಂದ, ಎಂದರೆ ಮೈಸೂರು ಸೀಮೆಯಿಂದ, ಬಂದವರೆಂಬುದು ಅವರ ಹೆಸರಿನ ಅರ್ಥ. ವಿಜಯನಗರದ ಪತನದ ಅನಂತರದ ಕ್ಷೋಭೆಯ ಕಾಲದಲ್ಲಿ ಘಟ್ಟವನ್ನೇರಿದರೆಂದು ಐತಿಹ್ಯ. 1603ರಲ್ಲಿ ಮಲೆಯಾಳದ ಕಡೆಯಿಂದ ಹತ್ತಿಹೋದ ಫಿನಿಸಿಯೊ ಎಂಬ ಪಾದ್ರಿಯು ಅವರನ್ನು ಅಲ್ಲಿ ಕಂಡು ಬರೆದಿಟ್ಟಿದ್ದಾನೆ. ಅವರ ಊರಿಗೆ ‘ಹಟ್ಟಿ’ ಎಂದೇ ಹೆಸರು. ಅವರು ಪೂಜಿಸುವ ತಾಯಿ ‘ಹೆತ್ತೆ’. ಅವರ ನುಡಿಯು ಕನ್ನಡಕ್ಕೆ ಅತ್ಯಂತ ಸಮೀಪವಾದುದು. ಕೋಲಾರದ ಕನ್ನಡಿಗನು ಅಲ್ಲಿಯ ಹಟ್ಟಿಯೊಂದರಲ್ಲಿ ನಿಂತು ಕಿವಿಗೊಟ್ಟರೆ, ಬೇರೆ ರಾಜ್ಯದಲ್ಲಿ ಬಂಧುವಿನ ದನಿಯನ್ನು ಕೇಳಿದಂತಾಗುವುದು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ನನು ಕೋತಗಿರಿಯ ಕಡೆಯಿಂದ ಬೆಟ್ಟವನ್ನೇರಿದನು. ಅಲ್ಲಿಯ ತಂಪು ಬಿಳಿಯರಿಗೆ ಹಿಡಿಸಿತು. ಬಂಗಲೆಗಳೆದ್ದುವು, 1870ರ ಹೊತ್ತಿಗೆ ಉದಕಮಂಡಲವು ಮದರಾಸು ಸರಕಾರದ ಬೇಸಗೆಯ ರಾಜಧಾನಿಯಾಯಿತು. ಹಲ್ಲುಹಳಿಯನ್ನು ಕಚ್ಚಿ ಏರುವ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಮುಟ್ಟಿತು. ಚಹದ ಗಿಡವನ್ನು 1830ರ ದಶಕದಲ್ಲಿಯೇ ಕೇತಿಯಲ್ಲಿ ನೆಟ್ಟು ಪರೀಕ್ಷಿಸಿದ್ದರೂ ಅದು ವ್ಯಾಪಾರದ ಬೆಳೆಯಾದದ್ದು 1860ರ ಸುಮಾರಿನ ಅನಂತರ. ಇಂದು ಪ್ರವಾಸಿಯು ಅನಾದಿಯೆಂದು ಭಾವಿಸಿ ಮೆಚ್ಚುವ ಆ ಹಸುರು ಹಾಸಿಗೆಗೆ ಒಂದೂವರೆ ಶತಮಾನಕ್ಕಿಂತ ತುಸುವೇ ಹೆಚ್ಚಿನ ವಯಸ್ಸು. ಅದಕ್ಕೆ ಮೊದಲು ಅಲ್ಲಿದ್ದುದು ತೋಡರ ಎಮ್ಮೆಗಳು ಮೇಯುವ ಹುಲ್ಲುಗಾವಲು, ಬಡಗರ ಧಾನ್ಯದ ಹೊಲ, ಮತ್ತು ಕಣಿವೆಗಳಲ್ಲಿ ಒತ್ತಾಗಿ ಬೆಳೆದ ‘ಶೋಲ’ ಎಂಬ ಕಾಡು. ಎಲೆ ಕೊಯ್ಯುವ ಕೈಗಳೂ ಹಲವು ಕಡೆಯಿಂದ ಬಂದವು. 1964ರ ಭಾರತ–ಸಿಂಹಳ ಒಪ್ಪಂದದ ಮೇರೆಗೆ ಮರಳಿದ ತಮಿಳು ಕೂಲಿಗಾರರಿಗೆ ಬದುಕನ್ನು ಕಲ್ಪಿಸಲೆಂದು ಸರಕಾರವೇ 1968ರಿಂದ ಅಲ್ಲಿ ಚಹದ ತೋಟಗಳನ್ನೆಬ್ಬಿಸಿತು.

ಇನ್ನು ಮರದ ಮಾತು. ಬಿಳಿಯರ ಅಗ್ಗಿಷ್ಟಿಕೆಗಳಿಗೂ ಕಟ್ಟಡಗಳಿಗೂ ಶೋಲದ ಮರಗಳು ಬಿದ್ದುವು. ಆ ಕಾಡು ಬಹು ನಿಧಾನವಾಗಿ ಬೆಳೆಯತಕ್ಕದ್ದು. ಕಡಿದಷ್ಟು ಬೇಗ ಮರಳಿ ಬಾರದು. ಸೌದೆಯ ಕೊರತೆಯು ತಲೆದೋರಲು, 1843ರಲ್ಲಿ ಕಾಟನ್ ಎಂಬ ಸೇನೆಯ ಇಂಜಿನಿಯರನು ಆಸ್ಟ್ರೇಲಿಯದ ಯೂಕಲಿಪ್ಟಸ್ಸನ್ನು ಅಲ್ಲಿ ನೆಟ್ಟನು. ಅದು ಶೀಘ್ರವಾಗಿ ಬೆಳೆಯಿತು. ಬೆಟ್ಟದ ತುಂಬ ಹರಡಿತು. ಕೊಯ್ದ ಚಹದ ಎಲೆಯನ್ನು ಬಾಡಿಸಿ, ಉರುಳಿಸಿ, ಹುಳಿಯಿಸಿದ ಮೇಲೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಆ ಬಿಸಿಗೂ ಇದೇ ಮರದ ಸೌದೆ ಒದಗಿತು. ಅದರ ಎಲೆಯಿಂದ ಇಳಿಸಿದ ತೈಲವು ಘಟ್ಟವನ್ನಿಳಿದು ಊರೂರಿಗೆ ಬಂದಿತು. ಹೀಗೆ ಪರದೇಶದ ಮರಕ್ಕೆ ಕನ್ನಡದಲ್ಲಿ ಬೆಟ್ಟದ ಹೆಸರೇ ನಿಂತಿತು.

ವಿಚಿತ್ರವೇನೆಂದರೆ, ಈ ಜಾತಿಯ ಮರವು ಭಾರತದಲ್ಲಿ ಮೊದಲು ಬೇರೂರಿದ್ದು ನೀಲಗಿರಿಯಲ್ಲಲ್ಲ, ನಂದಿದುರ್ಗದಲ್ಲಿ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ತೋಟದಲ್ಲಿ ಅದನ್ನು ನೆಟ್ಟರೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಆ ನಂದಿಯು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾಗುವವರೆಗೂ ಕೋಲಾರ ಜಿಲ್ಲೆಗೆ ಸೇರಿತ್ತು. ನಂದಿಯ ಮರಗಳ ಸಂತತಿಯೇ ಬಯಲು ಸೀಮೆಯ ‘ನೀಲಗಿರಿ’. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಯೋಜನೆಯೊಡನೆ ಅದು ನಮ್ಮ ಹೊಲಗಳಿಗೆ ಇಳಿಯಿತು. ಆಳಿನ ಖರ್ಚಿಲ್ಲ, ದನ ಮೇಯುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕಾಗದದ ಕಾರ್ಖಾನೆಗೆ ಮಾರಾಟವಾಗುತ್ತದೆ: ಮಳೆಯನ್ನು ನಂಬಲಾರದ ರೈತನು ಅದನ್ನು ಆರಿಸಿದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಇದು ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳಿಂದ ಬಾಳಿದ ನಾಡು. ಕೊಳವೆಬಾವಿಗಳು ಪಾತಾಳಕ್ಕಿಳಿದುದಕ್ಕೆ ಮರವೊಂದೇ ಕಾರಣವಲ್ಲವಾದರೂ, ಆಳದ ತೇವವನ್ನು ಹೀರುವ ಆ ಬೇರಿನ ಪಾಲನ್ನು ಅಲ್ಲಗಳೆಯುವಂತಿಲ್ಲ. ಕಡೆಗೆ 2017ರಲ್ಲಿ ರಾಜ್ಯ ಸರಕಾರವು ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಿತು.

ಆದುದರಿಂದ ಸ್ನೇಹಿತರೊಡನೆ ನೀಲಗಿರಿಗೆ ಹೊರಡುವವರಲ್ಲಿ ಒಂದು ವಿಜ್ಞಾಪನೆ. ಗುಂಡ್ಲುಪೇಟೆಯನ್ನು ದಾಟಿದ ಮೇಲೆ ಬಂಡೀಪುರದ ಹಾದಿಯು 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ; ಹಗಲಿನಲ್ಲಿಯೇ ಹೋಗಿರಿ. ಚಹದ ತೋಟವನ್ನು ನೋಡಿ, ಕಾರ್ಖಾನೆಯ ಬಾಗಿಲಲ್ಲಿ ಒಂದು ಬಟ್ಟಲು ಚಹವನ್ನು ಸವಿಯಿರಿ. ಅದರೊಡನೆ ಅಳಿದುಳಿದ ಶೋಲದ ಅಂಚಿನಲ್ಲಿಯೂ ಒಂದು ಗಳಿಗೆ ನಿಲ್ಲಿರಿ. ಮಳೆ ನಿಂತು ಎಷ್ಟೋ ದಿನಗಳಾದರೂ ಅದರ ಬುಡದಿಂದ ತೊರೆಯು ಹರಿಯುತ್ತಿರುವುದನ್ನು ಕಾಣುವಿರಿ. ಇಂಥ ತೊರೆಗಳೇ ಮೋಯಾರಿಗೂ ಭವಾನಿಗೂ ಸೇರಿ ಕಾವೇರಿಯನ್ನು ಮುಟ್ಟುತ್ತವೆ. ಒಂದು ಮರವು ನೀರನ್ನು ಹಿಡಿದಿಟ್ಟು ಕೊಡುತ್ತದೆ, ಇನ್ನೊಂದು ಹೀರುತ್ತದೆ ಎಂಬ ಪಾಠವನ್ನು ಕೆರೆಗಳ ನಾಡಿನವರಿಗಿಂತ ಚೆನ್ನಾಗಿ ಗ್ರಹಿಸಬಲ್ಲವರು ಯಾರು? ಆ ಬೆಟ್ಟದಿಂದ ನಾವು ಮರದ ಹೆಸರನ್ನು ತಂದುದಾಯಿತು. ಈ ತಿಳಿವಳಿಕೆಯನ್ನೂ ತಂದರೆ ಪ್ರವಾಸವು ಸಾರ್ಥಕವಾದೀತು.